ವೆಸ್ಟ್ ಇಂಡೀಸ್ ತಂಡದ ಅಧೋಗತಿಗೆ ಕಾರಣವೇನು?

ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದ ಸಬೀನಾ ಪಾರ್ಕ್ ಮೈದಾನದಲ್ಲಿ 2025ನೇ ಇಸವಿ ಜುಲೈ 14ರಂದು ವೆಸ್ಟ್ ಇಂಡೀಸ್ ತಂಡವು ಆಸ್ಟ್ರೇಲಿಯದ ವಿರುದ್ಧ ತನ್ನ ಎರಡನೆಯ ಇನ್ನಿಂಗ್ಸಿನಲ್ಲಿ ಕೇವಲ 27 ರನ್ನುಗಳಿಗೆ ಪತನ ಹೊಂದಿತು. ಗೆಲುವಿಗೆ ಬೇಕಾಗಿದ್ದುದು 204 ರನ್ನುಗಳು. ಏಳು ಮಂದಿ ಆಟಗಾರರು ಸೊನ್ನೆಗೆ ಔಟಾದರು. ಎಡಗೈ ವೇಗದ ಬೌಲರ್ ಮಿಚೆಲ್ ಸ್ಟಾರ್ಕ್ 9 ರನ್ನುಗಳನ್ನಿತ್ತು 6 ವಿಕೆಟ್ಟುಗಳನ್ನು ಕಿತ್ತರು. ಸ್ಕಾಟ್ ಬೋಲಂಡ್ ಒಂದರ ಹಿಂದೊಂದು ಮೂರು ಚೆಂಡುಗಳಿಂದ ಮೂವರನ್ನು ಡೇರೆಗೆ ಮರಳಿಸಿದರು. ಹದಿನೈದು ಓವರುಗಳು ತುಂಬುವ ಮೊದಲೇ ಎಲ್ಲವೂ ಮುಗಿದುಹೋಯಿತು. ಟೆಸ್ಟ್ ಕ್ರಿಕೆಟ್ಟಿನ ಸುಮಾರು ಒಂದೂವರೆ ಶತಮಾನದ ಚರಿತ್ರೆಯಲ್ಲಿ ಇದಕ್ಕಿಂತ ಕೆಳಗಿನ ಮೊತ್ತವೆಂದರೆ 1955ರಲ್ಲಿ ಆಕ್ಲೆಂಡಿನಲ್ಲಿ ನ್ಯೂಜಿಲೆಂಡ್ ತಂಡವು ಗಳಿಸಿದ 26 ಒಂದೇ.

ಅದೇ ವರುಷದ ಅಕ್ಟೋಬರಿನಲ್ಲಿ ಈ ತಂಡವು ಭಾರತಕ್ಕೆ ಬಂದಿತು. ಅಹಮದಾಬಾದಿನ ಪಂದ್ಯವು ಮೂರೇ ದಿನಗಳಲ್ಲಿ ಮುಗಿದು, ಇನ್ನಿಂಗ್ಸ್ ಮತ್ತು 140 ರನ್ನುಗಳಿಂದ ಪ್ರವಾಸಿಗಳು ಸೋತರು. ನಮ್ಮ ಕೆ. ಎಲ್. ರಾಹುಲ್ ಆ ಪಂದ್ಯದಲ್ಲಿ ಶತಕ ಬಾರಿಸಿದುದು ಕನ್ನಡಿಗರಿಗೆ ಹೆಮ್ಮೆಯ ವಿಷಯವೇ ಸರಿ. ಆದರೆ ಹಿಂದಿನ ಕಾಲವನ್ನು ಬಲ್ಲವರಿಗೆ ಆ ಗೆಲುವಿನಲ್ಲಿ ಪೂರ್ಣ ಸಂತೋಷವುಂಟಾಗಿರಲಾರದು. ಯಾರನ್ನು ಸೋಲಿಸುವುದೇ ಒಂದು ಸಾಹಸವೆನಿಸಿತ್ತೋ ಅವರು ಎದುರು ನಿಲ್ಲಲಾರದೆ ಹೋದುದನ್ನು ಕಂಡಾಗ ಮನಸ್ಸು ಮುದುಡುವುದು ಸಹಜ.

ಈ ಪತನಕ್ಕೆ ಕಾರಣವೇನೆಂದು ಕೇಳಿದರೆ ಎಲ್ಲೆಡೆಯೂ ಒಂದೇ ಉತ್ತರ ದೊರೆಯುತ್ತದೆ: “ಈಗಿನ ಹುಡುಗರಿಗೆ ಹಣದ ಆಸೆ. ದೇಶದ ಮೇಲೆ ಅಭಿಮಾನವಿಲ್ಲ. ಇಪ್ಪತ್ತು ಓವರುಗಳ ಆಟದ ಹಿಂದೆ ಓಡುತ್ತಾರೆ.” ಚಹದ ಮೇಜಿನ ಮುಂದೆ ಕುಳಿತು ಈ ತೀರ್ಪು ಕೊಡುವುದು ಸುಲಭ. ಆದರೆ ಸಂಬಳಕ್ಕಾಗಿ ಊರು ಬಿಟ್ಟು ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಬಂದು ನೆಲಸಿರುವ ನಾವು ಈ ಮಾತನ್ನು ಆಡುವ ಮೊದಲು ಸ್ವಲ್ಪ ಆಲೋಚಿಸುವುದು ಒಳಿತು. ಹಣಕ್ಕಾಗಿ ಮನೆ ಬಿಡುವುದೇ ತಂಡದ ನಾಶಕ್ಕೆ ಕಾರಣವಾಗಿದ್ದರೆ, ವೆಸ್ಟ್ ಇಂಡೀಸ್ ತಂಡವು ಎಂದೂ ಮೇಲೆ ಬರಲು ಸಾಧ್ಯವಿರಲಿಲ್ಲ. ಏಕೆಂದರೆ ಅವರ ಹಿರಿಯರೂ ಹೊಟ್ಟೆಪಾಡಿಗಾಗಿ ಊರು ಬಿಟ್ಟವರೇ ಆಗಿದ್ದರು.

ಅಂದಿನ ವೈಭವ

ವೆಸ್ಟ್ ಇಂಡೀಸ್ ತಂಡವು ತನ್ನ ಮೊದಲನೆಯ ಟೆಸ್ಟ್ ಪಂದ್ಯವನ್ನು 1928ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆಡಿತು. ಮೊದಲನೆಯ ಗೆಲುವು 1930ರಲ್ಲಿ ಗಯಾನದ ಜಾರ್ಜ್‌ಟೌನಿನಲ್ಲಿ ದೊರೆಯಿತು. 1948-49ರಲ್ಲಿ ಪ್ರಥಮ ಬಾರಿಗೆ ಭಾರತಕ್ಕೆ ಬಂದಾಗ ಎವರ್ಟನ್ ವೀಕ್ಸ್ ದೆಹಲಿಯಲ್ಲಿ 128, ಮುಂಬಯಿಯ ಬ್ರೇಬೋರ್ನ್ ಮೈದಾನದಲ್ಲಿ 194, ಕಲಕತ್ತೆಯಲ್ಲಿ 162 ಮತ್ತು 101 ರನ್ನುಗಳನ್ನು ಗಳಿಸಿ, ಅದಕ್ಕೆ ಹಿಂದೆ ಕಿಂಗ್‌ಸ್ಟನ್ನಿನಲ್ಲಿ ಬಾರಿಸಿದ್ದ ಶತಕವೂ ಸೇರಿ, ಸತತ ಐದು ಟೆಸ್ಟ್ ಇನ್ನಿಂಗ್ಸುಗಳಲ್ಲಿ ಐದು ಶತಕಗಳ ದಾಖಲೆಯನ್ನು ಸ್ಥಾಪಿಸಿದರು.

1974ರ ನವೆಂಬರಿನಲ್ಲಿ ಬೆಂಗಳೂರಿಗೆ ಟೆಸ್ಟ್ ಪಂದ್ಯದ ಭಾಗ್ಯ ಮೊತ್ತಮೊದಲಿಗೆ ಒದಗಿದಾಗ ಎದುರಾಳಿಗಳಾಗಿ ಬಂದವರೂ ಇವರೇ. ಆ ಪಂದ್ಯದಲ್ಲಿ ಕ್ಲೈವ್ ಲಾಯ್ಡ್ 163 ರನ್ನುಗಳನ್ನು ಗಳಿಸಿದರು. ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಎಂಬ ಇಬ್ಬರು ತರುಣರು ಅಲ್ಲಿಯೇ ತಮ್ಮ ಟೆಸ್ಟ್ ಜೀವನವನ್ನು ಆರಂಭಿಸಿದರು. ಗ್ರೀನಿಜ್ ತಮ್ಮ ಪ್ರಥಮ ಪಂದ್ಯದಲ್ಲೇ 93 ಮತ್ತು 107 ರನ್ನುಗಳನ್ನು ಬಾರಿಸಿದರು. ಮರುವರುಷದ ಜನವರಿಯಲ್ಲಿ ಮುಂಬಯಿಯ ವಾಂಖೇಡೆ ಮೈದಾನದ ಪ್ರಥಮ ಟೆಸ್ಟಿನಲ್ಲಿ ಲಾಯ್ಡ್ ಔಟಾಗದೆ 242 ರನ್ನುಗಳನ್ನು ಗಳಿಸಿ ಪಂದ್ಯಮಾಲೆಯನ್ನು ತಮ್ಮದಾಗಿಸಿಕೊಂಡರು. ಇದೇ ಮಾಲೆಯ ಮದರಾಸಿನ ಪಂದ್ಯದಲ್ಲಿ ಆಂಡಿ ರಾಬರ್ಟ್ಸರ ಬೆಂಕಿಯಂತಹ ಬೌಲಿಂಗನ್ನು ಎದುರಿಸಿ ನಮ್ಮ ಜಿ. ಆರ್. ವಿಶ್ವನಾಥರು ಔಟಾಗದೆ ಗಳಿಸಿದ 97 ರನ್ನುಗಳನ್ನು ಇಂದಿಗೂ ಶತಕಕ್ಕಿಂತ ಮಿಗಿಲೆಂದು ಬಲ್ಲವರು ಹೇಳುವರು. ಎದುರಾಳಿಯು ದೊಡ್ಡವನಾಗಿದ್ದುದರಿಂದಲೇ ಆ ಆಟಕ್ಕೆ ಅಷ್ಟು ಬೆಲೆ ಬಂದಿತು.

ಮುಂದೆ 1975 ಮತ್ತು 1979ರ ವಿಶ್ವಕಪ್ಪುಗಳು ಅವರ ಪಾಲಾದುವು. 1980ರ ಆರಂಭದಲ್ಲಿ ನ್ಯೂಜಿಲೆಂಡಿನಲ್ಲಿ ಸೋತ ಬಳಿಕ 1995ರವರೆಗೆ, ಅಂದರೆ ಹದಿನೈದು ವರುಷಗಳ ಕಾಲ, ಅವರು ಒಂದೇ ಒಂದು ಟೆಸ್ಟ್ ಪಂದ್ಯಮಾಲೆಯನ್ನೂ ಸೋಲಲಿಲ್ಲ. 1984ರಲ್ಲಿ ಇಂಗ್ಲೆಂಡಿಗೆ ಹೋಗಿ ಐದಕ್ಕೆ ಐದು ಪಂದ್ಯಗಳನ್ನೂ ಗೆದ್ದರು. 1995ರಲ್ಲಿ ಮಾರ್ಕ್ ಟೇಲರರ ಆಸ್ಟ್ರೇಲಿಯ ತಂಡವು ಅವರ ನೆಲದಲ್ಲಿಯೇ ಅವರನ್ನು ಮಣಿಸಿದ ಮೇಲೆ ಆರಂಭವಾದ ಇಳಿತವು ಇನ್ನೂ ನಿಂತಿಲ್ಲ.

ಊರು ಬಿಟ್ಟವರೇ ಕಟ್ಟಿದ ತಂಡ

ಈ ವೈಭವವು ಎಲ್ಲಿ ಸಿದ್ಧವಾಯಿತೆಂಬುದನ್ನು ಗಮನಿಸಬೇಕು. ಲಿಯರಿ ಕಾನ್‌ಸ್ಟಂಟೈನ್ 1929ರಲ್ಲಿ ಇಂಗ್ಲೆಂಡಿನ ನೆಲ್ಸನ್ ಎಂಬ ಗಿರಣಿಯೂರಿನ ಕ್ಲಬ್ಬಿಗೆ ಸಂಬಳದ ಆಟಗಾರರಾಗಿ ಹೋದರು. ವೀಕ್ಸ್ ಬೇಕಪ್ ಎಂಬಲ್ಲಿಗೂ, ಫ್ರಾಂಕ್ ವೊರೆಲ್ ರ‍್ಯಾಡ್‌ಕ್ಲಿಫಿಗೂ, ಕ್ಲೈಡ್ ವಾಲ್ಕಾಟ್ ಎನ್‌ಫೀಲ್ಡಿಗೂ ಹೋಗಿ ಅದೇ ಬಗೆಯಲ್ಲಿ ಜೀವನ ಸಾಗಿಸಿದರು. 1968ರಲ್ಲಿ ಇಂಗ್ಲೆಂಡಿನ ಕೌಂಟಿ ತಂಡಗಳು ವಿದೇಶೀ ಆಟಗಾರರನ್ನು ನೇರವಾಗಿ ಸೇರಿಸಿಕೊಳ್ಳತೊಡಗಿದ ಮೇಲೆ ಲಾಯ್ಡ್ ಲ್ಯಾಂಕಷೈರಿನಲ್ಲಿಯೂ, ರಿಚರ್ಡ್ಸ್ ಮತ್ತು ಜೋಯೆಲ್ ಗಾರ್ನರ್ ಸಾಮರ್ಸೆಟ್ಟಿನಲ್ಲಿಯೂ, ಗ್ರೀನಿಜ್, ರಾಬರ್ಟ್ಸ್, ಮಾಲ್ಕಂ ಮಾರ್ಷಲ್ ಮುಂತಾದವರು ಹ್ಯಾಂಪ್‌ಷೈರಿನಲ್ಲಿಯೂ ದುಡಿದರು. 1977ರಲ್ಲಿ ಆಸ್ಟ್ರೇಲಿಯದ ಧನಿಕ ಕೆರಿ ಪ್ಯಾಕರ್ ಹೆಚ್ಚಿನ ಹಣ ಕೊಟ್ಟು ಕರೆದಾಗ ಲಾಯ್ಡರ ತಂಡವು ಹೆಚ್ಚು ಕಡಿಮೆ ಇಡಿಯಾಗಿಯೇ ಹೋಯಿತು. ಅಲ್ಲಿಂದ ಅವರು ತಂದುದು ಹಣವನ್ನು ಮಾತ್ರವಲ್ಲ. ಕಠಿಣವಾದ ದೇಹಸಾಧನೆಯನ್ನೂ ಶಿಸ್ತನ್ನೂ ಕಲಿತು ಬಂದರು.

ಕೌಂಟಿಯಲ್ಲಿ ಅವರು ಆಡುತ್ತಿದ್ದುದು ಮುಖ್ಯವಾಗಿ ಮೂರು ದಿನಗಳ ಪಂದ್ಯಗಳು. ವಾರದಿಂದ ವಾರಕ್ಕೆ ಬೇರೆ ಬೇರೆ ನೆಲದಲ್ಲಿ, ಮಳೆ ಬಿದ್ದ ಹಸಿ ಅಂಕಣದಲ್ಲಿ, ಒಣಗಿ ಬಿರಿದ ಅಂಕಣದಲ್ಲಿ ಆಡಿ ಆಡಿ ಪಳಗಿದರು. ಇಂಗ್ಲೆಂಡಿನ ಬೇಸಿಗೆ ಮುಗಿದ ಮೇಲೆ ತಮ್ಮ ದ್ವೀಪಗಳಲ್ಲಿ ಆಟದ ಕಾಲ ಬರುತ್ತಿತ್ತು. ಆದುದರಿಂದ ಸಂಬಳದ ಕೆಲಸಕ್ಕೂ ಮನೆಯ ಕರ್ತವ್ಯಕ್ಕೂ ಘರ್ಷಣೆಯಿರಲಿಲ್ಲ. ಪರಸ್ಥಳದಲ್ಲಿ ಕಲಿತ ವಿದ್ಯೆಯನ್ನೇ ಮನೆಯಲ್ಲಿ ಉಪಯೋಗಿಸುವಂತಿತ್ತು.

ಇದನ್ನು ನಮ್ಮ ಹೋಟೆಲು ಬಂಧುಗಳಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಊರಿನಿಂದ ಬಂದ ಹುಡುಗನು ಲೋಟ ತಟ್ಟೆ ತೊಳೆಯುವುದರಿಂದ ಮೊದಲು ಮಾಡಿ, ಟೇಬಲು ಒರೆಸಿ, ಸಪ್ಲೈ ಮಾಡಿ, ಕೊನೆಗೆ ಭಟ್ಟರ ಕೈಕೆಳಗೆ ನಿಂತು ಅಡಿಗೆ ಕಲಿಯುತ್ತಾನೆ. ಹತ್ತು ವರುಷಗಳಾದ ಮೇಲೆ ಊರಿಗೆ ಹೋದರೆ ಐನೂರು ಎಲೆಯ ಮದುವೆಯೂಟವನ್ನು ನಿರ್ವಹಿಸಬಲ್ಲವನಾಗಿರುತ್ತಾನೆ. ಕೌಂಟಿ ಕ್ರಿಕೆಟ್ಟು ವೆಸ್ಟ್ ಇಂಡೀಸಿನ ಹುಡುಗರಿಗೆ ಅಂತಹ ಅಡಿಗೆಮನೆಯಾಗಿತ್ತು.

ಇಂದು ಬದಲಾದುದೇನು?

ಇಂದೂ ಹುಡುಗರು ಊರು ಬಿಡುತ್ತಾರೆ. ಆದರೆ ಅವರು ಹೋಗುವ ಸ್ಥಳದಲ್ಲಿ ಬೇಕಾಗಿರುವ ಕೆಲಸ ಬೇರೆ. ಇಪ್ಪತ್ತು ಓವರುಗಳ ಆಟದಲ್ಲಿ ದಾಂಡಿಗನಿಗೆ ಇಪ್ಪತ್ತು ಮೂವತ್ತು ಚೆಂಡುಗಳಲ್ಲಿ ಪರಾಕ್ರಮ ತೋರುವುದು ಮುಖ್ಯ. ಬೌಲರನಿಗೆ ನಾಲ್ಕು ಓವರುಗಳ ಕೆಲಸ. ಕಾದ ಕಾವಲಿಯ ಮುಂದೆ ನಿಂತು ಬಿರಬಿರನೆ ದೋಸೆ ಹೊಯ್ಯುವುದು ಕೀಳು ಕೆಲಸವಲ್ಲ. ಅದಕ್ಕೂ ಕೈಚಳಕ ಬೇಕು. ಆದರೆ ಜೀವನವಿಡೀ ದೋಸೆಯನ್ನೇ ಹೊಯ್ದವನನ್ನು ಕರೆದು ಮದುವೆಯ ಅಡಿಗೆಗೆ ನಿಲ್ಲಿಸಿದರೆ ಏನಾದೀತು? ಐದು ದಿನಗಳ ಆಟದಲ್ಲಿ ಗಂಟೆಗಟ್ಟಲೆ ಚೆಂಡನ್ನು ಬಿಡುವ ತಾಳ್ಮೆ, ದಿನಕ್ಕೆ ಇಪ್ಪತ್ತು ಓವರು ಎಸೆಯುವ ಕಸುವು, ಸಂಜೆಯ ಹೊತ್ತಿನಲ್ಲಿ ಹೊಸ ಚೆಂಡನ್ನು ಎದುರಿಸುವ ಬುದ್ಧಿ ಇವೆಲ್ಲ ಅಭ್ಯಾಸದಿಂದ ಬರಬೇಕಾದುವು. ಇಂಗ್ಲೆಂಡಿನ ಕೌಂಟಿ ತಂಡವೊಂದಕ್ಕೆ ವರುಷಕ್ಕೆ 14 ದೀರ್ಘ ಪಂದ್ಯಗಳಿರುವಾಗ, ವೆಸ್ಟ್ ಇಂಡೀಸಿನ ದ್ವೀಪ ತಂಡಗಳಿಗೆ ಹೆಚ್ಚು ಕಡಿಮೆ ಅದರ ಅರ್ಧದಷ್ಟು ದೊರೆತರೆ ಹೆಚ್ಚು.

ಇನ್ನು ಕಾಲದ ಘರ್ಷಣೆ. ನಮ್ಮ ಐ.ಪಿ.ಎಲ್. ಪಂದ್ಯಾಟವು ನಡೆಯುವ ಮಾರ್ಚಿನಿಂದ ಮೇವರೆಗಿನ ತಿಂಗಳುಗಳು ಆ ದ್ವೀಪಗಳಲ್ಲಿ ಸಾಂಪ್ರದಾಯಿಕವಾದ ಆಟದ ಕಾಲ. ಕೀರನ್ ಪೊಲಾರ್ಡ್ ಒಂದೂ ಟೆಸ್ಟ್ ಪಂದ್ಯವನ್ನು ಆಡಲಿಲ್ಲ. ಆಂಡ್ರೆ ರಸೆಲ್ ಒಂದನ್ನು ಮಾತ್ರ, ಸುನಿಲ್ ನಾರಾಯಣ್ ಆರನ್ನು ಮಾತ್ರ ಆಡಿದರು. ನಿಕೊಲಸ್ ಪೂರನ್ ಒಂದೂ ಟೆಸ್ಟ್ ಆಡದೆ 2025ರ ಜೂನಿನಲ್ಲಿ, ತಮ್ಮ 29ನೆಯ ವಯಸ್ಸಿನಲ್ಲಿ, ಅಂತರರಾಷ್ಟ್ರೀಯ ಕ್ರಿಕೆಟ್ಟಿನಿಂದ ನಿವೃತ್ತರಾದರು. ಅದೇ ವರುಷದ ಐ.ಪಿ.ಎಲ್.ಗಾಗಿ ಲಖನೌ ತಂಡವು ಅವರನ್ನು 21 ಕೋಟಿ ರೂಪಾಯಿಗಳಿಗೆ ಉಳಿಸಿಕೊಂಡಿತ್ತು. ಎರಡು ತಿಂಗಳ ದುಡಿಮೆಗೆ ಇಷ್ಟು ಸಂಭಾವನೆ ದೊರೆಯುವಾಗ, ಐದು ದಿನಗಳ ಕಾಲ ಬಿಸಿಲಿನಲ್ಲಿ ಬೆವರು ಸುರಿಸುವ ಕೆಲಸಕ್ಕೆ ಅದರ ಅಲ್ಪಾಂಶವೂ ಸಿಕ್ಕದಿದ್ದರೆ, ಯಾವ ತರುಣನು ತಾನೆ ಏನು ಮಾಡಿಯಾನು? ಆಟಗಾರನ ಆಯುಷ್ಯ ಹತ್ತು ಹನ್ನೆರಡು ವರುಷ. ಅವನಿಗೂ ಮನೆ, ತಂದೆತಾಯಿ, ಸಾಲ ಇರುತ್ತವೆ.

ಕ್ರಿಸ್ ಗೇಲರನ್ನು ಬೆಂಗಳೂರಿನ ಜನರು ತಮ್ಮವರೆಂದೇ ಬಗೆದರು. 2013ರ ಏಪ್ರಿಲಿನಲ್ಲಿ ಚಿನ್ನಸ್ವಾಮಿ ಮೈದಾನದಲ್ಲಿ ಅವರು ಔಟಾಗದೆ ಬಾರಿಸಿದ 175 ರನ್ನುಗಳನ್ನು ಕಂಡು ಕುಣಿದವರು ನಮ್ಮ ಓದುಗರಲ್ಲಿಯೂ ಅನೇಕರಿರಬೇಕು. ಅದೇ ಗೇಲ್ ಟೆಸ್ಟಿನಲ್ಲಿ ಎರಡು ಬಾರಿ ಮುನ್ನೂರನ್ನು ದಾಟಿದ ದಾಂಡಿಗರು. ಸುಮಾರು ಎರಡನೆಯ ದಶಕದ ಆರಂಭದಲ್ಲಿ ಮಂಡಲಿಯೊಡನೆ ಮನಸ್ತಾಪವಾಗಿ ಅವರು ಬಹುಕಾಲ ತಂಡದ ಹೊರಗುಳಿದರು. ಕಿಂಗ್‌ಸ್ಟನ್ನಿನ ನಷ್ಟವು ಬೆಂಗಳೂರಿನ ಲಾಭವಾಯಿತು. ಆ ಲಾಭವನ್ನುಂಡ ನಾವು ಗೇಲರನ್ನು ದ್ರೋಹಿಯೆಂದು ಕರೆಯುವುದು ನ್ಯಾಯವಲ್ಲ.

ಮಂಡಲಿಯ ದೋಷಗಳು

ಹಾಗೆಂದು ಎಲ್ಲ ಹೊಣೆಯನ್ನೂ ಕಾಲದ ಮೇಲೆ ಹೊರಿಸಲಾಗದು. ವೆಸ್ಟ್ ಇಂಡೀಸ್ ಎಂಬುದು ಒಂದು ರಾಷ್ಟ್ರವಲ್ಲ. ಜಮೈಕಾ, ಬಾರ್ಬಡೋಸ್, ಟ್ರಿನಿಡಾಡ್, ಗಯಾನ, ಆಂಟಿಗ ಮೊದಲಾದ ಹತ್ತಾರು ಪ್ರದೇಶಗಳ ಕೂಟವದು. ಒಂದೊಂದಕ್ಕೂ ಬೇರೆ ಸರಕಾರ, ಬೇರೆ ಧ್ವಜ. 1958ರಲ್ಲಿ ಇವುಗಳಲ್ಲಿ ಅನೇಕವು ಸೇರಿ ರಚಿಸಿಕೊಂಡ ಸಂಯುಕ್ತ ರಾಜ್ಯವು 1962ರಲ್ಲಿಯೇ ಒಡೆದುಹೋಯಿತು. ಕ್ರಿಕೆಟ್ ತಂಡ ಮಾತ್ರ ಒಡೆಯದೆ ಉಳಿಯಿತು. ಎಲ್ಲವನ್ನೂ ಕೂಡಿಸಿದರೂ ಜನಸಂಖ್ಯೆ ಬೆಂಗಳೂರು ನಗರದಷ್ಟಾಗದು. ಸೋಬರ್ಸ್, ಮಾರ್ಷಲ್, ಗಾರ್ನರರನ್ನು ಹೆತ್ತ ಬಾರ್ಬಡೋಸಿನ ವಿಸ್ತೀರ್ಣ ಬೃಹನ್ಮುಂಬಯಿಗಿಂತಲೂ ಕಡಿಮೆ. ಜನ ಮೂರು ಲಕ್ಷವೂ ಇಲ್ಲ. ಬಾರ್ಬಡೋಸಿನಿಂದ ಜಮೈಕಾಕ್ಕೆ ಸುಮಾರು 1,900 ಕಿಲೋಮೀಟರುಗಳ ಸಮುದ್ರ. ಹೀಗಿರುವಾಗ ಒಂದು ಸ್ಥಳೀಯ ಪಂದ್ಯ ನಡೆಸಬೇಕಾದರೂ ವಿಮಾನದ ಖರ್ಚು, ವಸತಿಯ ಖರ್ಚು ತಪ್ಪದು.

ಆರು ಪ್ರಾದೇಶಿಕ ಸಂಸ್ಥೆಗಳು ಸೇರಿ ನಡೆಸುವ ಕ್ರಿಕೆಟ್ ಮಂಡಲಿಯಲ್ಲಿ ತಂಡದ ಹಿತಕ್ಕಿಂತ ತಮ್ಮ ತಮ್ಮ ದ್ವೀಪದ ಹಿತವೇ ಮೇಲಾಗುತ್ತದೆಂಬ ದೂರು ಹಳೆಯದು. 2007ರಲ್ಲಿ ಜಮೈಕಾದ ಮಾಜಿ ಪ್ರಧಾನಿ ಪಿ. ಜೆ. ಪ್ಯಾಟರ್ಸನ್ ಅವರ ಸಮಿತಿಯು ಮಂಡಲಿಯ ಪುನಾರಚನೆಗೆ ಸಲಹೆಯಿತ್ತಿತು. 2015ರಲ್ಲಿ ಆ ರಾಷ್ಟ್ರಗಳ ಒಕ್ಕೂಟವು ನೇಮಿಸಿದ ಸಮಿತಿಯು ಮಂಡಲಿಯನ್ನು ವಿಸರ್ಜಿಸಬೇಕೆಂದೇ ಹೇಳಿತು. ಮಂಡಲಿಯು ಒಪ್ಪಲಿಲ್ಲ.

ಸಂಬಳದ ಜಗಳಗಳಂತೂ ಮುಗಿಯದ ಕಥೆ. 1998ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋಗಬೇಕಾಗಿದ್ದ ಆಟಗಾರರು ಲಂಡನಿನ ಹೋಟೆಲಿನಲ್ಲಿ ಕುಳಿತು ಮುಷ್ಕರ ಹೂಡಿದರು. ರಾಜಿಯಾಗಿ ಹೋದವರು ಐದೂ ಟೆಸ್ಟುಗಳನ್ನು ಸೋತು ಬಂದರು. 2009ರಲ್ಲಿ ಪ್ರಮುಖ ಆಟಗಾರರು ಹಿಂದೆ ಸರಿದುದರಿಂದ ಎರಡನೆಯ ದರ್ಜೆಯ ತಂಡವನ್ನು ಇಳಿಸಿ ಬಾಂಗ್ಲಾದೇಶಕ್ಕೆ ಎರಡೂ ಟೆಸ್ಟುಗಳನ್ನು ಒಪ್ಪಿಸಿದರು. 2014ರ ಅಕ್ಟೋಬರಿನಲ್ಲಿ ಭಾರತದ ಪ್ರವಾಸವನ್ನು ಧರ್ಮಶಾಲೆಯಲ್ಲಿಯೇ ಕೈಬಿಟ್ಟು ಹೊರಟುಹೋದರು. ಹೈದರಾಬಾದು, ಬೆಂಗಳೂರು, ಅಹಮದಾಬಾದುಗಳಲ್ಲಿ ನಡೆಯಬೇಕಾಗಿದ್ದ ಮೂರು ಟೆಸ್ಟುಗಳು ರದ್ದಾದುವು. ಭಾರತೀಯ ಮಂಡಲಿಯು ಸುಮಾರು 4 ಕೋಟಿ 20 ಲಕ್ಷ ಡಾಲರುಗಳ ಪರಿಹಾರ ಕೇಳಿತು. ಆಳುಗಳೊಡನೆ ಕುಳಿತು ಮಾತಾಡದೆ ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟುಕೊಂಡ ಯಜಮಾನನ ಹೋಟೆಲಿನಲ್ಲಿ ಊಟದ ಹೊತ್ತಿಗೆ ಒಲೆ ಆರುವುದು ಆಶ್ಚರ್ಯವಲ್ಲ.

ಲಾಭ ಯಾರ ಗಲ್ಲಾಕ್ಕೆ?

ಇವೆಲ್ಲವುಗಳ ಹಿಂದೆ ಹಣದ ಹಂಚಿಕೆಯ ಪ್ರಶ್ನೆಯಿದೆ. ಎರಡು ದೇಶಗಳು ಆಡುವ ಪಂದ್ಯಮಾಲೆಯಲ್ಲಿ ದೂರದರ್ಶನದ ಹಕ್ಕು, ಟಿಕೀಟು, ಜಾಹೀರಾತುಗಳ ಉತ್ಪತ್ತಿಯೆಲ್ಲವೂ ಆತಿಥೇಯ ದೇಶದ ಮಂಡಲಿಗೆ ಸೇರುತ್ತದೆ. ಭಾರತ ಅಥವಾ ಇಂಗ್ಲೆಂಡು ವೆಸ್ಟ್ ಇಂಡೀಸಿಗೆ ಹೋದ ವರುಷ ಅವರ ಗಲ್ಲಾ ತುಂಬುತ್ತದೆ. ಉಳಿದ ವರುಷಗಳಲ್ಲಿ ಖರ್ಚೇ ಹೆಚ್ಚು. ಅವರು ಆಸ್ಟ್ರೇಲಿಯಕ್ಕೋ ಭಾರತಕ್ಕೋ ಬಂದು ಆಡಿದರೆ ಆ ಆಟದ ಲಾಭದಲ್ಲಿ ಅವರಿಗೆ ಪಾಲಿಲ್ಲ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಲಿಯು 2024ರಿಂದ 2027ರವರೆಗಿನ ಅವಧಿಗೆ ಒಪ್ಪಿದ ಹಂಚಿಕೆಯಲ್ಲಿ ಭಾರತಕ್ಕೆ ನೂರಕ್ಕೆ ಸುಮಾರು 38.5ರಷ್ಟು, ವೆಸ್ಟ್ ಇಂಡೀಸಿಗೆ ನೂರಕ್ಕೆ ಐದಕ್ಕೂ ಕಡಿಮೆ. ಹಣವನ್ನು ತರುವ ಪ್ರೇಕ್ಷಕರು ಭಾರತದವರೆಂಬುದು ನಿಜ. ಆದರೆ ಆಟಕ್ಕೆ ಇಬ್ಬರು ಬೇಕು. ಎದುರಾಳಿಯು ಬಡವಾಗಿ ಬಡವಾಗಿ ಮೂರೇ ದಿನಗಳಲ್ಲಿ ಬಿದ್ದುಹೋದರೆ, ನಾಲ್ಕನೆಯ ಮತ್ತು ಐದನೆಯ ದಿನಗಳ ಟಿಕೀಟನ್ನು ಯಾರಿಗೆ ಮಾರುವುದು?

ಪಂದ್ಯಗಳ ಸಂಖ್ಯೆಯೂ ಇಳಿದಿದೆ. 1948-49, 1958-59 ಮತ್ತು 1974-75ರಲ್ಲಿ ಅವರು ಭಾರತದಲ್ಲಿ ಐದೈದು ಟೆಸ್ಟುಗಳನ್ನು ಆಡಿದರು. 2018ರಲ್ಲಿಯೂ 2025ರಲ್ಲಿಯೂ ಎರಡೆರಡು ಮಾತ್ರ. ಮೊದಲನೆಯ ಸೋಲಿನಿಂದ ಪಾಠ ಕಲಿತು ಮೇಲೇಳಬೇಕೆನ್ನುವಷ್ಟರಲ್ಲಿ ಪ್ರವಾಸವೇ ಮುಗಿದಿರುತ್ತದೆ.

ಕೆಂಡ ಇನ್ನೂ ಆರಿಲ್ಲ

ಪ್ರತಿಭೆಯೇ ಬತ್ತಿಹೋಗಿದೆಯೆಂಬ ಮಾತನ್ನು ನಾವು ಒಪ್ಪಲಾರೆವು. ಗಯಾನದ ಬರಕಾರ ಎಂಬ, ನದಿಯಲ್ಲಿ ದೋಣಿಯೇರಿ ತಲುಪಬೇಕಾದ ಕುಗ್ರಾಮದಿಂದ ಬಂದ ಶಮಾರ್ ಜೋಸೆಫ್ ಹಿಂದೆ ಕಾವಲುಗಾರನ ಕೆಲಸದಲ್ಲಿದ್ದವರು. 2024ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ, ಸ್ಟಾರ್ಕರ ಚೆಂಡು ಬಡಿದು ಕಾಲ್ಬೆರಳು ನೊಂದಿದ್ದರೂ, ಮರುದಿನ 68 ರನ್ನುಗಳಿಗೆ 7 ವಿಕೆಟ್ಟುಗಳನ್ನು ಕಿತ್ತು ಆಸ್ಟ್ರೇಲಿಯವನ್ನು 8 ರನ್ನುಗಳಿಂದ ಸೋಲಿಸಿದರು. ಆ ದೇಶದಲ್ಲಿ ವೆಸ್ಟ್ ಇಂಡೀಸಿಗೆ 1997ರ ಅನಂತರ ದೊರೆತ ಪ್ರಥಮ ಟೆಸ್ಟ್ ಜಯವದು. 2025ರ ಜನವರಿಯಲ್ಲಿ ಮುಲ್ತಾನಿನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಪಂದ್ಯಮಾಲೆಯನ್ನು ಸರಿಸಮ ಮಾಡಿದರು. ಅಹಮದಾಬಾದಿನಲ್ಲಿ ಕುಸಿದ ಅದೇ ತಂಡವು ಮರುವಾರ ದೆಹಲಿಯಲ್ಲಿ ಫಾಲೋ ಆನ್ ಪಡೆದ ಬಳಿಕ ಜಾನ್ ಕ್ಯಾಂಬೆಲ್ ಮತ್ತು ಶೇ ಹೋಪರ ಶತಕಗಳಿಂದ 390 ರನ್ನುಗಳನ್ನು ಗಳಿಸಿತು. ಡಿಸೆಂಬರಿನಲ್ಲಿ ಕ್ರೈಸ್ಟ್‌ಚರ್ಚಿನಲ್ಲಿ 531 ರನ್ನುಗಳ ಗುರಿಯ ಮುಂದೆ ಜಸ್ಟಿನ್ ಗ್ರೀವ್ಸ್ ಔಟಾಗದೆ 202 ರನ್ನುಗಳನ್ನು ಬಾರಿಸಿ, 6 ವಿಕೆಟ್ಟುಗಳಿಗೆ 457ರವರೆಗೆ ಒಯ್ದು ಪಂದ್ಯವನ್ನು ಉಳಿಸಿದರು. ಮುಂದಿನ ಎರಡು ಪಂದ್ಯಗಳನ್ನು ಸೋತರೆಂಬುದೂ ನಿಜವೇ. ಶಕ್ತಿಯಿದೆ, ಸಾತತ್ಯವಿಲ್ಲ. ಸಾತತ್ಯವು ದೀರ್ಘ ಪಂದ್ಯಗಳನ್ನು ಹೆಚ್ಚು ಆಡುವುದರಿಂದ ಬರತಕ್ಕುದು.

ಆಗಬೇಕಾದುದೇನು?

ಕಿಂಗ್‌ಸ್ಟನ್ನಿನ ಸೋಲಿನ ಬೆನ್ನಿಗೇ ಅಲ್ಲಿನ ಮಂಡಲಿಯ ಅಧ್ಯಕ್ಷರು ಲಾಯ್ಡ್, ರಿಚರ್ಡ್ಸ್, ಬ್ರಯನ್ ಲಾರಾ ಅವರನ್ನು ಸಮಾಲೋಚನೆಗೆ ಕರೆದರು. ಹಿರಿಯರ ಸಲಹೆ ಒಳ್ಳೆಯದೇ. ಆದರೆ ಬರಿಯ ಸಲಹೆಯಿಂದ ಹೊಟ್ಟೆ ತುಂಬದು. ದೀರ್ಘ ಪಂದ್ಯಗಳನ್ನೇ ನೆಚ್ಚಿದ ತರುಣನಿಗೆ ಮರ್ಯಾದೆಯಿಂದ ಬದುಕುವಷ್ಟು ಖಚಿತವಾದ ಸಂಬಳ ದೊರೆಯಬೇಕು. ದ್ವೀಪಗಳ ನಡುವಣ ನಾಲ್ಕು ದಿನಗಳ ಪಂದ್ಯಗಳು ಹೆಚ್ಚಬೇಕು. ಅನುಕೂಲವಂತ ದೇಶಗಳು ಪ್ರವಾಸಿ ತಂಡಕ್ಕೂ ಉತ್ಪತ್ತಿಯಲ್ಲಿ ಒಂದು ಪಾಲನ್ನು ಕೊಡಬೇಕು. ಯಾವ ಪಂದ್ಯಮಾಲೆಯೂ ಮೂರು ಟೆಸ್ಟುಗಳಿಗಿಂತ ಕಡಿಮೆಯಿರಬಾರದು. ಇವುಗಳಲ್ಲಿ ಕೊನೆಯ ಎರಡು ಭಾರತದ ಕೈಯಲ್ಲಿಯೂ ಇವೆ.

ಭಾರತವು ಇದನ್ನು ದಾನವೆಂದು ತಿಳಿಯಬೇಕಾದುದಿಲ್ಲ. 1962ರಲ್ಲಿ ಬಾರ್ಬಡೋಸಿನಲ್ಲಿ ನಮ್ಮ ನಾಯಕ ನಾರಿ ಕಾಂಟ್ರಾಕ್ಟರ್ ಅವರ ತಲೆಗೆ ಚಾರ್ಲಿ ಗ್ರಿಫಿತರ ಚೆಂಡು ಬಡಿದು ಪ್ರಾಣಾಪಾಯವೊದಗಿದಾಗ, ರಕ್ತ ಕೊಡಲು ಮುಂದೆ ಬಂದವರಲ್ಲಿ ಎದುರಾಳಿ ತಂಡದ ನಾಯಕ ಫ್ರಾಂಕ್ ವೊರೆಲ್ ಒಬ್ಬರು. ವೊರೆಲರು 1967ರಲ್ಲಿ ತಮ್ಮ 42ನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಅವರ ಸ್ಮರಣೆಗಾಗಿ ಬಂಗಾಳದ ಕ್ರಿಕೆಟ್ ಸಂಸ್ಥೆಯು 1981ರಿಂದ ಫೆಬ್ರವರಿ 3ರಂದು ರಕ್ತದಾನವನ್ನು ನಡೆಸಿಕೊಂಡು ಬಂದಿದೆ. ಕಲಕತ್ತೆಯವರು ನೆನಪಿಟ್ಟಿರುವ ಈ ಋಣವನ್ನು ದೇಶದ ಕ್ರಿಕೆಟ್ ಧುರೀಣರೂ ನೆನಪಿಡಬೇಕು.

ಇನ್ನು ನಮ್ಮ ಪಾಲಿನ ಕೆಲಸ ಚಿಕ್ಕದು. ಮುಂದೆ ವೆಸ್ಟ್ ಇಂಡೀಸ್ ತಂಡವು ನಾವಿರುವ ನಗರಕ್ಕೆ ಟೆಸ್ಟ್ ಆಡಲು ಬಂದಾಗ, ರಜೆಯ ದಿನವನ್ನು ಹೊಂದಿಸಿಕೊಂಡು ಹೋಗಿ ಕುಳಿತು ನೋಡೋಣ. ಸಂಬಳಕ್ಕಾಗಿ ದೂರ ದೇಶದಲ್ಲಿ ದುಡಿಯುವ ಹುಡುಗನನ್ನು, ಅವನು ಯಾವ ದ್ವೀಪದವನೇ ಆಗಲಿ, ಹಣದಾಸೆಯವನೆಂದು ಜರೆಯುವ ಮೊದಲು ಅವನ ಮನೆಯವರು ಅವನಿಗೆ ಏನು ಉಳಿಸಿದ್ದರೆಂದು ಕೇಳೋಣ. ಊರಿನಲ್ಲಿಯೇ ತಕ್ಕ ದುಡಿಮೆ ದೊರೆತಿದ್ದರೆ ನಮ್ಮಲ್ಲಿಯೂ ಎಷ್ಟೋ ಮಂದಿ ಘಟ್ಟವನ್ನು ದಾಟುತ್ತಿರಲಿಲ್ಲ.